ಒಂದೇ ಜನಗಣತಿ, ನಾಲ್ಕು ನಕ್ಷೆ: ವಾರ್ಡ್ ಮರುವಿಂಗಡಣೆ ಮತ್ತು ಮುಂದೆ ಹೋದ ಚುನಾವಣೆ

ಪ್ರಶ್ನೆ: ನಾವು ಬೆಂಗಳೂರಿನ ಪಶ್ಚಿಮ ಭಾಗದ ಒಂದು ಬಡಾವಣೆಯವರು. ಹಿಂದಿನ ಎರಡು ಪಾಲಿಕೆ ಚುನಾವಣೆಗಳಲ್ಲಿ ಒಂದೇ ವಾರ್ಡಿನಲ್ಲಿದ್ದ ನಮ್ಮನ್ನು ಹೊಸ ವಿಂಗಡಣೆಯಲ್ಲಿ ನಡುವಿನ ಮುಖ್ಯರಸ್ತೆಯಿಂದ ಸೀಳಿ ಎರಡು ವಾರ್ಡುಗಳಿಗೆ ಹಂಚಿದ್ದಾರೆ. ಉದ್ಯಾನ ಮತ್ತು ನೀರಿನ ಟ್ಯಾಂಕ್ ಒಂದು ವಾರ್ಡಿಗೆ ಸೇರಿವೆ, ಅವುಗಳನ್ನು ಬಳಸುವ ಅರ್ಧದಷ್ಟು ಮನೆಗಳು ಇನ್ನೊಂದಕ್ಕೆ ಸೇರಿವೆ. ಕರಡು ಪ್ರಕಟವಾದಾಗ ನಾವೆಲ್ಲ ಸಹಿ ಹಾಕಿ ಆಕ್ಷೇಪಣೆ ಕೊಟ್ಟೆವು. ಅಂತಿಮ ಅಧಿಸೂಚನೆಯಲ್ಲಿ ಏನೂ ಬದಲಾಗಲಿಲ್ಲ. ಈ ಗೆರೆಯನ್ನು ಎಳೆಯುವವರು ಯಾರು, ಯಾವ ಆಧಾರದ ಮೇಲೆ? ಈಗ ನ್ಯಾಯಾಲಯಕ್ಕೆ ಹೋಗಬಹುದೇ? ಮರುವಿಂಗಡಣೆಯ ಕಾರಣ ಹೇಳಿ ಐದು ವರ್ಷ ಚುನಾವಣೆಯನ್ನೇ ನಡೆಸದಿರುವುದನ್ನು ಕಾನೂನು ಒಪ್ಪುತ್ತದೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಒಂದೇ ಮಾತಿನದು: ಒಪ್ಪುವುದಿಲ್ಲ. ಆದರೂ ಅದು ಹೇಗೆ ನಡೆಯಿತು ಎಂಬುದು ತಿಳಿಯಬೇಕಾದರೆ ಮೊದಲು ಗೆರೆ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಆದ್ದರಿಂದ ನಿಮ್ಮ ಬಡಾವಣೆಯ ನಡುರಸ್ತೆಯಿಂದಲೇ ಆರಂಭಿಸುತ್ತೇನೆ.

ವಾರ್ಡಿನ ಗಡಿಯನ್ನು ಮನೆ ಮನೆ ಲೆಕ್ಕ ಹಾಕಿ ಎಳೆಯುವುದಿಲ್ಲ. ಜನಗಣತಿಯ ಕಾಲದಲ್ಲಿ ಒಬ್ಬ ಗಣತಿದಾರರ ಪಾಲಿಗೆ ಬರುವ, ಸುಮಾರು 600ರಿಂದ 800 ಜನರಿರುವ ಗಣತಿ ಬ್ಲಾಕ್ ಎಂಬ ಸಣ್ಣ ತುಂಡೇ ಇದರ ಇಟ್ಟಿಗೆ. ಒಂದು ವಾರ್ಡಿಗೆ ಇಷ್ಟು ಜನಸಂಖ್ಯೆ ಇರಬೇಕೆಂದು ಮೊದಲು ಸರಾಸರಿ ತೆಗೆಯುತ್ತಾರೆ. ಆಮೇಲೆ ಒಂದಕ್ಕೊಂದು ಅಂಟಿಕೊಂಡಿರುವ ಬ್ಲಾಕ್‌ಗಳನ್ನು ಕೂಡಿಸುತ್ತ ಹೋಗಿ, ಮೊತ್ತವು ಸರಾಸರಿಯ ಹತ್ತಿರ ಬಂದಾಗ ನಿಲ್ಲಿಸುತ್ತಾರೆ. ಸರಾಸರಿಗಿಂತ ಶೇಕಡ 10ರಷ್ಟು ಹೆಚ್ಚುಕಡಿಮೆಯನ್ನು ಒಪ್ಪಿಕೊಳ್ಳುವುದು ರೂಢಿ. ಹೀಗೆ ನಿಂತ ಅಂಚಿಗೆ ಹತ್ತಿರದಲ್ಲಿ ಮುಖ್ಯರಸ್ತೆ, ರೈಲು ಹಳಿ, ರಾಜಕಾಲುವೆ ಅಥವಾ ಕೆರೆಯ ಏರಿ ಇದ್ದರೆ ಅದನ್ನೇ ಗಡಿಯೆಂದು ಬರೆಯುತ್ತಾರೆ, ಏಕೆಂದರೆ ನೆಲದ ಮೇಲೆ ಕಣ್ಣಿಗೆ ಕಾಣುವ, ನಾಳೆ ಅಳಿಸಿಹೋಗದ ಗುರುತು ಬೇಕಾಗುತ್ತದೆ. ಬಡಾವಣೆ ಎಂಬುದು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ನಿಮ್ಮ ನಿವಾಸಿಗಳ ಸಂಘ, ನಿಮ್ಮ ಉದ್ಯಾನ, ನೀವು ಮೂವತ್ತು ವರ್ಷ ಕೂಡಿ ಆಚರಿಸಿದ ರಾಜ್ಯೋತ್ಸವ ಇವ್ಯಾವುವೂ ಗಣತಿ ಬ್ಲಾಕ್‌ನ ಪಟ್ಟಿಯಲ್ಲಿ ಇಲ್ಲ. ಗೆರೆ ನಿಮ್ಮ ನಡುರಸ್ತೆಯಲ್ಲಿ ಬಂದು ನಿಂತದ್ದಕ್ಕೆ ಬಹುಶಃ ಇಷ್ಟೇ ಕಾರಣ: ಒಂದು ಕಡೆಯ ಮೊತ್ತ ಅಲ್ಲಿಗೆ ತುಂಬಿತ್ತು, ರಸ್ತೆ ಗುರುತಾಗಿ ಒದಗಿತು.

ಗೆರೆಯನ್ನು ಕಾನೂನಿನ ಭಾಷೆಗೆ ಇಳಿಸುವ ಕೆಲಸ ಇದಕ್ಕಿಂತ ಕಷ್ಟದ್ದು. ಅಧಿಸೂಚನೆಯ ಅನುಬಂಧದಲ್ಲಿ ಪ್ರತಿ ವಾರ್ಡಿಗೂ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮ ಎಂದು ಚಕ್ಕುಬಂದಿಯನ್ನು ಬರೆಯುತ್ತಾರೆ. ನಮ್ಮ ಮನೆ, ಹೊಲಗಳ ಕ್ರಯಪತ್ರದಲ್ಲಿ ಇರುವಂಥದೇ ಚಕ್ಕುಬಂದಿ ಅದು. ಪೌರಾಡಳಿತದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ ಒಂದು ಸಣ್ಣ ಪುರಸಭೆಯ ವಾರ್ಡುಗಳ ಕರಡನ್ನು ಪರಿಶೀಲಿಸುವ ಸಂದರ್ಭ ಬಂದಿತ್ತು. ಅಲ್ಲಿ ಒಂದು ವಾರ್ಡಿನ ಪೂರ್ವಕ್ಕೆ ಸಂತೆ ಬೀದಿಯವರೆಗೆ ಎಂದೂ, ಪಕ್ಕದ ವಾರ್ಡಿನ ಪಶ್ಚಿಮಕ್ಕೆ ಸಂತೆ ಬೀದಿಯ ಹಿಂದಿನ ಓಣಿಯವರೆಗೆ ಎಂದೂ ಬರೆದಿದ್ದರು. ಬೀದಿಗೂ ಓಣಿಗೂ ನಡುವೆ ಇದ್ದ ಎರಡು ಸಾಲು ಮನೆಗಳು ಯಾವ ವಾರ್ಡಿಗೂ ಸೇರಿರಲಿಲ್ಲ. ನಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿತ್ತು, ಏಕೆಂದರೆ ನಕ್ಷೆಯ ಗೆರೆಯ ದಪ್ಪವೇ ಆ ಎರಡು ಸಾಲನ್ನು ಮುಚ್ಚಿಬಿಟ್ಟಿತ್ತು. ಆ ತಪ್ಪನ್ನು ಕಂಡುಹಿಡಿದವರು ಕಚೇರಿಯವರಲ್ಲ, ಆ ಸಾಲಿನಲ್ಲಿ ಮನೆ ಇದ್ದ ಒಬ್ಬ ನಿವೃತ್ತ ಶಿಕ್ಷಕಿ. ಅವರು ಅನುಬಂಧವನ್ನು ಕೈಯಲ್ಲಿ ಹಿಡಿದು ಬೀದಿಯಲ್ಲಿ ನಡೆದು ನೋಡಿದ್ದರು. ಆ ದಿನದಿಂದ ನಾನು ನಕ್ಷೆಗಿಂತ ಚಕ್ಕುಬಂದಿಯನ್ನೇ ಮೊದಲು ಓದುತ್ತೇನೆ, ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ.

ಸರಾಸರಿಯ ವಿಷಯಕ್ಕೆ ಬರೋಣ. ವಾರ್ಡುಗಳ ಜನಸಂಖ್ಯೆ ಸರಿಸಮನಾಗಿರಬೇಕು ಎಂಬುದರ ಹಿಂದಿನ ನ್ಯಾಯ ಸರಳವಾದದ್ದು: ಒಬ್ಬರ ಮತದ ತೂಕ ಇನ್ನೊಬ್ಬರ ಮತದ ತೂಕಕ್ಕೆ ಸಮನಾಗಿರಬೇಕು. ಪಂಚಾಯಿತಿಗಳ ಮಟ್ಟಿಗೆ ಸಂವಿಧಾನದ 243ಸಿ ವಿಧಿಯೇ ಇದನ್ನು ಹೇಳುತ್ತದೆ; ನಗರಗಳ ಮಟ್ಟಿಗೆ ಅದನ್ನು ರಾಜ್ಯದ ಕಾಯ್ದೆಗಳಿಗೆ ಬಿಟ್ಟಿದೆ. ಬೆಂಗಳೂರಿನಲ್ಲಿ ಈ ಸಮಾನತೆ ಎಷ್ಟು ಕೆಟ್ಟಿತ್ತು ಎಂಬುದಕ್ಕೆ ಹಳೆಯ 198 ವಾರ್ಡುಗಳೇ ಸಾಕ್ಷಿ. 2007ರಲ್ಲಿ ಹಳೆಯ ಮಹಾನಗರ ಪಾಲಿಕೆಯ 100 ವಾರ್ಡುಗಳ ಜೊತೆಗೆ ಏಳು ನಗರಸಭೆಗಳು, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದಾಗ ವಾರ್ಡುಗಳನ್ನು ಎಳೆದದ್ದು 2001ರ ಜನಗಣತಿಯ ಮೇಲೆ. 2011ರ ಗಣತಿ ಬಂದಾಗ ಪಾಲಿಕೆಯ ಜನಸಂಖ್ಯೆ 84.43 ಲಕ್ಷ ಆಗಿತ್ತು, ಅಂದರೆ ವಾರ್ಡಿಗೆ ಸರಾಸರಿ ಸುಮಾರು 42,600. ಆದರೆ ಹೊರವಲಯದ ಹೊರಮಾವು ವಾರ್ಡಿನಲ್ಲಿ ಆಗಲೇ 90 ಸಾವಿರಕ್ಕೂ ಹೆಚ್ಚು ಜನರಿದ್ದರು. ಹೊರಮಾವಿನವರ ಮತ ಅರ್ಧ ಮತಕ್ಕಿಂತ ಕಡಿಮೆಯಾಗಿತ್ತು ಎಂದೇ ಇದರ ಅರ್ಥ. ಆದ್ದರಿಂದ ಮರುವಿಂಗಡಣೆ ಬೇಕಾಗಿರಲಿಲ್ಲ ಎಂದು ಯಾರಾದರೂ ಹೇಳಿದರೆ ಅದನ್ನು ನಾನು ಒಪ್ಪುವುದಿಲ್ಲ. ಅದು ಬೇಕಾಗಿತ್ತು, ತಡವಾಗಿಯೂ ಇತ್ತು. ನನ್ನ ತಕರಾರು ಇರುವುದು ಅದನ್ನು ಎಷ್ಟು ಸಲ, ಯಾವಾಗ, ಯಾರ ಕೈಯಿಂದ ಮಾಡಿಸಲಾಯಿತು ಎಂಬುದರ ಬಗ್ಗೆ.

ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಪಾಲಿಕೆಗೆ 2010ರ ಮಾರ್ಚ್ ಮತ್ತು 2015ರ ಆಗಸ್ಟ್ ತಿಂಗಳಲ್ಲಿ ಚುನಾವಣೆ ನಡೆಯಿತು. ಎರಡನೆಯ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅದಕ್ಕೆ ಮೊದಲೇ, ಅಂದರೆ 2020ರ ಜೂನ್ 23ರಂದು, 2011ರ ಜನಗಣತಿಯನ್ನು ಆಧರಿಸಿ 198 ವಾರ್ಡುಗಳ ಹೊಸ ಗಡಿಯನ್ನು ಸರ್ಕಾರ ಅಧಿಸೂಚಿಸಿತ್ತು. ಹೊರಮಾವಿಗೆ ಆಗಿದ್ದ ಅನ್ಯಾಯವನ್ನು ತಿದ್ದಲು ಬೇಕಾದ ಕೆಲಸ ಅಷ್ಟರಲ್ಲೇ ಕಾಗದದ ಮೇಲೆ ಆಗಿತ್ತು. ಆಮೇಲೆ ವಾರ್ಡುಗಳ ಸಂಖ್ಯೆಯನ್ನೇ ಹೆಚ್ಚಿಸುವ ತಿದ್ದುಪಡಿ ಬಂತು. 2020ರ ಡಿಸೆಂಬರ್ 4ರಂದು ರಾಜ್ಯದ ಹೈಕೋರ್ಟ್ 198 ವಾರ್ಡುಗಳಿಗೇ ಚುನಾವಣೆ ನಡೆಸಬೇಕೆಂದು ಆದೇಶಿಸಿತು. ಎರಡು ವಾರ ಕಳೆಯುವುದರೊಳಗೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ನೀಡಿತು. 2021ರ ಜನವರಿಯಲ್ಲಿ ಬಿಬಿಎಂಪಿ ಕಾಯ್ದೆ ಜಾರಿಗೆ ಬಂದು, ವಾರ್ಡುಗಳ ಸಂಖ್ಯೆ 243 ಎಂದಾಗಿ, ಅವುಗಳ ಅಂತಿಮ ಅಧಿಸೂಚನೆ 2022ರ ಜುಲೈ 14ರಂದು ಹೊರಬಿತ್ತು. ಅದರ ಮೇಲೆ ಸಿದ್ಧವಾದ ಮೀಸಲಾತಿ ಪಟ್ಟಿಯನ್ನು ಅದೇ ಸೆಪ್ಟೆಂಬರ್ ಕೊನೆಯಲ್ಲಿ ಹೈಕೋರ್ಟ್ ರದ್ದುಪಡಿಸಿ, ಹೊಸದಾಗಿ ಮಾಡಿ ವರ್ಷಾಂತ್ಯದೊಳಗೆ ಚುನಾವಣೆ ಮುಗಿಸಲು ಹೇಳಿತು. ಚುನಾವಣೆ ನಡೆಯಲಿಲ್ಲ. 2023ರಲ್ಲಿ ಸರ್ಕಾರ ಬದಲಾಯಿತು. ಹೊಸ ಸರ್ಕಾರ ಮತ್ತೆ ವಿಂಗಡಿಸಲು ಕಾಲಾವಕಾಶ ಪಡೆದು ಸೆಪ್ಟೆಂಬರ್ ತಿಂಗಳಲ್ಲಿ 225 ವಾರ್ಡುಗಳನ್ನು ಅಧಿಸೂಚಿಸಿತು. ಆ ಗಡಿಗಳಿಗೂ ಯಾರೂ ಮತ ಹಾಕಲಿಲ್ಲ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ 15ರಿಂದ ಜಾರಿಗೆ ಬಂತು, ಸೆಪ್ಟೆಂಬರ್ 2ರಂದು ಪಾಲಿಕೆ ಐದಾಯಿತು, ಸೆಪ್ಟೆಂಬರ್ 30ರಂದು 368 ವಾರ್ಡುಗಳ ಕರಡು ಬಂತು, ನವೆಂಬರ್ ತಿಂಗಳಲ್ಲಿ 369 ವಾರ್ಡುಗಳು ಅಂತಿಮವಾದವು. ಅದರಲ್ಲಿ ನಿಮ್ಮ ಪಶ್ಚಿಮ ಪಾಲಿಕೆಯ ಪಾಲೇ ಎಲ್ಲಕ್ಕಿಂತ ದೊಡ್ಡದು, 112.

198, 243, 225, 369. ನಾಲ್ಕು ಸಲ ಗಡಿ ಎಳೆಯಲಾಯಿತು, ನಾಲ್ಕು ಸಲವೂ ಕೈಯಲ್ಲಿದ್ದದ್ದು 2011ರ ಅದೇ ಅಂಕಿಗಳು. ಸಂವಿಧಾನದ ಪ್ರಕಾರ ಜನಸಂಖ್ಯೆ ಎಂದರೆ ಅಂಕಿಅಂಶ ಪ್ರಕಟವಾಗಿರುವ ಕೊನೆಯ ಜನಗಣತಿಯ ಸಂಖ್ಯೆ. ಹೊಸ ಜನಗಣತಿ ಬಂದಾಗ ವಾರ್ಡುಗಳನ್ನು ಹೊಂದಿಸಿಕೊಳ್ಳುವುದು ಸಹಜವೂ ಅಗತ್ಯವೂ ಆದ ಕೆಲಸ. ಮೊದಲನೆಯ ವಿಂಗಡಣೆಗೆ ಆ ಕಾರಣ ಇತ್ತು. ಉಳಿದ ಮೂರಕ್ಕೆ ಹೊಸ ಅಂಕಿ ಕಾರಣವಲ್ಲ. ಸ್ಥಾನಗಳು ಎಷ್ಟಿರಬೇಕು, ಪಾಲಿಕೆಗಳು ಎಷ್ಟಿರಬೇಕು ಎಂಬ ಶಾಸನದ ಅಭಿಪ್ರಾಯ ಬದಲಾದದ್ದೇ ಕಾರಣ. ಆ ಅಭಿಪ್ರಾಯಗಳಲ್ಲಿ ತಿರುಳಿಲ್ಲವೆಂದು ನಾನು ಹೇಳುವುದಿಲ್ಲ. ಒಬ್ಬ ಸದಸ್ಯರು 42 ಸಾವಿರ ಜನರನ್ನು ಪ್ರತಿನಿಧಿಸುವುದಕ್ಕೂ, 369 ವಾರ್ಡುಗಳ ಲೆಕ್ಕದಲ್ಲಿ ಸುಮಾರು 23 ಸಾವಿರ ಜನರನ್ನು ಪ್ರತಿನಿಧಿಸುವುದಕ್ಕೂ ನಿಜವಾದ ವ್ಯತ್ಯಾಸ ಇದೆ. ಕಸದ ಗಾಡಿ ಬಾರದಿದ್ದರೆ, ಬೀದಿದೀಪ ಕೆಟ್ಟರೆ ಹೋಗಿ ಕೇಳಲು ಸದಸ್ಯರು ಹತ್ತಿರ ಸಿಗುತ್ತಾರೆ. ಆದರೆ ಇಂಥ ಬದಲಾವಣೆಯನ್ನು ಪರಿಷತ್ತಿನ ಅವಧಿ ನಡೆಯುತ್ತಿರುವಾಗಲೇ ಆರಂಭಿಸಿ, ಅವಧಿ ಮುಗಿಯುವ ಮೊದಲೇ ಮುಗಿಸಬಹುದಾಗಿತ್ತು. ಬಾಕಿ ಬಿದ್ದಿದ್ದ ಚುನಾವಣೆಯನ್ನು ನಡೆಸಿ, ಹೊಸ ವ್ಯವಸ್ಥೆಯನ್ನು ಮುಂದಿನ ಅವಧಿಗೆ ಅನ್ವಯಿಸಬಹುದಾಗಿತ್ತು. ಅದರ ಬದಲು, ಒಂದು ಪರಿಷತ್ತಿನ ಪೂರ್ತಿ ಆಯುಷ್ಯವಾದ ಐದು ವರ್ಷ ಆಡಳಿತಾಧಿಕಾರಿಯ ಕೈಯಲ್ಲಿ ಕಳೆಯಿತು. ಇದರ ಹೊಣೆ ಯಾವುದೇ ಒಂದು ಪಕ್ಷದ್ದಲ್ಲ, ಈ ಅವಧಿಯಲ್ಲಿ ಬೇರೆ ಬೇರೆ ಪಕ್ಷಗಳ ಸರ್ಕಾರಗಳು ಬಂದುಹೋಗಿವೆ ಎಂಬುದನ್ನು ಓದುಗರು ಗಮನಿಸಬೇಕು.

ಕಾನೂನು ಏನು ಹೇಳುತ್ತದೆ? 74ನೇ ತಿದ್ದುಪಡಿಯಿಂದ ಬಂದ 243ಯು ವಿಧಿಯು ನಗರ ಸ್ಥಳೀಯ ಸಂಸ್ಥೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ ಎನ್ನುತ್ತದೆ. ಹೊಸ ಸಂಸ್ಥೆಗೆ ಚುನಾವಣೆಯು ಹಳೆಯ ಅವಧಿ ಮುಗಿಯುವ ಮೊದಲೇ ಪೂರ್ಣವಾಗಿರಬೇಕು ಎಂದೂ ಹೇಳುತ್ತದೆ. ಅಹಮದಾಬಾದ್ ಪಾಲಿಕೆಯ ಕುರಿತ 2006ರ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದನ್ನು ಕಡ್ಡಾಯವೆಂದು ಎತ್ತಿಹಿಡಿಯಿತು. ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಮರುವಿಂಗಡಣೆ ಮುಗಿದಿಲ್ಲ ಎಂಬುದಾಗಲಿ, ಹಿಂದುಳಿದ ವರ್ಗಗಳ ಮೀಸಲಾತಿಯ ಅಧ್ಯಯನ ಮುಗಿದಿಲ್ಲ ಎಂಬುದಾಗಲಿ ಚುನಾವಣೆಯನ್ನು ಮುಂದೂಡಲು ಕಾರಣವಾಗದು ಎಂದಿತು. ಅಂಥ ಸಂದರ್ಭದಲ್ಲಿ ಇರುವ ವಾರ್ಡುಗಳಿಗೇ ಚುನಾವಣೆ ನಡೆಸಬೇಕೆಂಬುದು ಆ ತೀರ್ಪಿನ ತಾತ್ಪರ್ಯ. ನಿಯಮ ಇಷ್ಟು ಸ್ಪಷ್ಟವಾಗಿದ್ದೂ ಅದು ನಮ್ಮಲ್ಲಿ ಫಲ ಕೊಡಲಿಲ್ಲ, ಏಕೆಂದರೆ ನಿಯಮ ಮುರಿದರೆ ಏನಾಗುತ್ತದೆ ಎಂಬುದನ್ನು ಸಂವಿಧಾನ ಹೇಳಿಲ್ಲ. ಅವಧಿ ಮುಗಿದ ಮರುದಿನ ಆಡಳಿತಾಧಿಕಾರಿ ಬಂದು ಕೂರುತ್ತಾರೆ, ಕಚೇರಿ ನಡೆಯುತ್ತದೆ, ತೆರಿಗೆ ವಸೂಲಾಗುತ್ತದೆ. ಚುನಾವಣೆ ನಡೆಸದಿದ್ದುದರಿಂದ ಅಧಿಕಾರದಲ್ಲಿರುವವರಿಗೆ ಯಾವ ನಷ್ಟವೂ ಇಲ್ಲ. ಇದು ಬೆಂಗಳೂರೊಂದರ ಕಥೆಯೂ ಅಲ್ಲ. ಹುಬ್ಬಳ್ಳಿ-ಧಾರವಾಡ ಪಾಲಿಕೆಯ ಅವಧಿ 2019ರಲ್ಲೇ ಮುಗಿದಿದ್ದರೂ ವಾರ್ಡುಗಳನ್ನು 67ರಿಂದ 82ಕ್ಕೆ ಏರಿಸಿ, ಅದರ ವ್ಯಾಜ್ಯಗಳು ಮುಗಿದು ಮತದಾನ ನಡೆಯುವಷ್ಟರಲ್ಲಿ 2021ರ ಸೆಪ್ಟೆಂಬರ್ ಬಂದಿತ್ತು. ಮೈಸೂರು ಮತ್ತು ಶಿವಮೊಗ್ಗ ಪಾಲಿಕೆಗಳು 2023ರ ನವೆಂಬರ್‌ನಲ್ಲಿ ಅವಧಿ ಮುಗಿಸಿ ಆಡಳಿತಾಧಿಕಾರಿಗಳ ಕೈಗೆ ಹೋದವು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ನಡೆದ ಚುನಾವಣೆಯ ಅವಧಿ 2021ರಲ್ಲಿ ಮುಗಿಯಿತು. ಆ ವರ್ಷವೇ ಕ್ಷೇತ್ರ ವಿಂಗಡಿಸುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ಹಿಂದಕ್ಕೆ ಪಡೆದು, ಅದಕ್ಕಾಗಿ ಪ್ರತ್ಯೇಕ ಸೀಮಾ ನಿರ್ಣಯ ಆಯೋಗವನ್ನು ರಚಿಸಲಾಯಿತು. ಆಯೋಗವೇನೋ ಬಂತು, ಚುನಾವಣೆ ಮಾತ್ರ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು.

ಇಲ್ಲಿಯೇ ಗೆರೆ ಎಳೆಯುವವರು ಯಾರು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಇದೆ. ಸಂವಿಧಾನದ 243ಜೆಡ್‌ಎ ವಿಧಿಯು ಮತದಾರರ ಪಟ್ಟಿಯನ್ನು ಸಿದ್ಧಪಡಿಸುವುದನ್ನೂ ಚುನಾವಣೆ ನಡೆಸುವುದನ್ನೂ ರಾಜ್ಯ ಚುನಾವಣಾ ಆಯೋಗಕ್ಕೆ ಒಪ್ಪಿಸಿದೆ. ವಾರ್ಡಿನ ಗಡಿಯನ್ನು ಯಾರು ನಿಗದಿಪಡಿಸಬೇಕು ಎಂಬುದನ್ನು ಮಾತ್ರ ರಾಜ್ಯದ ಶಾಸನಕ್ಕೆ ಬಿಟ್ಟಿದೆ. ನಮ್ಮ ನಗರಗಳ ಮಟ್ಟಿಗೆ ಆ ಅಧಿಕಾರ ರಾಜ್ಯ ಸರ್ಕಾರದ ಕೈಯಲ್ಲಿದೆ. ವಾರ್ಡುವಾರು ಮೀಸಲಾತಿಯನ್ನು ನಿಗದಿಪಡಿಸುವುದೂ ಸರ್ಕಾರವೇ. ಅಂದರೆ ಚುನಾವಣೆ ನಡೆಸಬೇಕಾದ ಆಯೋಗಕ್ಕೆ ಬೇಕಾದ ಎರಡು ಕಚ್ಚಾವಸ್ತುಗಳು, ಗಡಿ ಮತ್ತು ಮೀಸಲಾತಿ, ಇನ್ನೊಬ್ಬರ ಉಗ್ರಾಣದಲ್ಲಿವೆ. ಅವರು ಕೊಟ್ಟಾಗ ಇವರು ಅಡುಗೆ ಮಾಡಬೇಕು. ಈ ವ್ಯವಸ್ಥೆ ಹೀಗೆಯೇ ಇರಬೇಕೆಂದೇನೂ ಇಲ್ಲ. ನೆರೆಯ ಕೇರಳದಲ್ಲಿ ಸ್ಥಳೀಯ ಸಂಸ್ಥೆಗಳ ಸೀಮಾ ನಿರ್ಣಯ ಆಯೋಗಕ್ಕೆ ರಾಜ್ಯ ಚುನಾವಣಾ ಆಯುಕ್ತರೇ ಅಧ್ಯಕ್ಷರು. ಅಲ್ಲಿಯೂ ಇತ್ತೀಚೆಗೆ 941 ಗ್ರಾಮ ಪಂಚಾಯಿತಿಗಳು, ನಗರಸಭೆಗಳು ಮತ್ತು ಆರು ಪಾಲಿಕೆಗಳ ವಾರ್ಡುಗಳನ್ನು ಅದೇ 2011ರ ಅಂಕಿಗಳ ಮೇಲೆ ಮರುವಿಂಗಡಿಸಿದರು, ಅಲ್ಲಿಯೂ ಆಕ್ಷೇಪಣೆಗಳು ಬಂದವು, ಪಕ್ಷಗಳ ನಡುವೆ ಜಗಳವೂ ಆಯಿತು. ಆದರೂ ಹಿಂದಿನ ಅವಧಿ ಮುಗಿಯುವ ತಿಂಗಳಾದ 2025ರ ಡಿಸೆಂಬರ್‌ನಲ್ಲಿ, 9 ಮತ್ತು 11ರಂದು, ಮತದಾನ ನಡೆಯಿತು. ಕಾಸರಗೋಡಿನ ನಮ್ಮ ಕನ್ನಡಿಗರು ಹೊಸ ವಾರ್ಡುಗಳಲ್ಲಿ ಸಕಾಲಕ್ಕೆ ಮತ ಹಾಕಿದರು. ಅದೇ ಜನಗಣತಿ, ಅದೇ ಸಂವಿಧಾನ ಇಟ್ಟುಕೊಂಡು ಗಡಿಯ ಕೆಲಸವನ್ನೂ ಚುನಾವಣೆಯ ಕೆಲಸವನ್ನೂ ಒಂದೇ ಕ್ಯಾಲೆಂಡರ್‌ಗೆ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನಮಗೆ ಬೇಕಿಲ್ಲ. ಕರ್ನಾಟಕದಲ್ಲಿಯೂ ನಗರಗಳ ವಾರ್ಡ್ ವಿಂಗಡಣೆಯನ್ನು ಚುನಾವಣಾ ಆಯುಕ್ತರ ಅಧ್ಯಕ್ಷತೆಯ ಆಯೋಗಕ್ಕೆ ಒಪ್ಪಿಸಬೇಕು, ಅವಧಿ ಮುಗಿಯುವ ಆರು ತಿಂಗಳ ಮೊದಲು ಅಂತಿಮವಾಗದ ಗಡಿ ಆ ಚುನಾವಣೆಗೆ ಅನ್ವಯಿಸಬಾರದು ಎಂದು ಕಾಯ್ದೆಯಲ್ಲಿಯೇ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೀಸಲಾತಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಗಡಿಯಿಂದ ಅದನ್ನು ಬಿಡಿಸಿ ನೋಡಲಾಗದು. ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ, ಹಿಂದುಳಿದ ವರ್ಗಗಳಿಗೆ ಒಟ್ಟು ಮೀಸಲು ಶೇಕಡ 50 ಮೀರದಂತೆ, ಪ್ರತಿ ವರ್ಗದೊಳಗೂ ಅರ್ಧದಷ್ಟು ಮಹಿಳೆಯರಿಗೆ ಸ್ಥಾನ ಮೀಸಲಿಡಬೇಕು. ಈ ಮೀಸಲು ಒಂದೇ ವಾರ್ಡಿನಲ್ಲಿ ಕೂರದೆ ಚುನಾವಣೆಯಿಂದ ಚುನಾವಣೆಗೆ ಸುತ್ತಬೇಕು. ಸುತ್ತಬೇಕಾದರೆ ವಾರ್ಡಿಗೆ ನೆನಪು ಇರಬೇಕು: ಹೋದ ಸಲ ಇದು ಯಾರಿಗೆ ಮೀಸಲಾಗಿತ್ತು, ಅದರ ಹಿಂದಿನ ಸಲ ಯಾರಿಗೆ. ಗಡಿಯನ್ನು ಪೂರ್ತಿ ಬದಲಿಸಿದಾಗ ಆ ನೆನಪು ಅಳಿಸಿಹೋಗುತ್ತದೆ, ಆವರ್ತನ ಮೊದಲಿಂದ ಆರಂಭವಾಗುತ್ತದೆ. ಎಂದೂ ಮಹಿಳೆಗೆ ಅಥವಾ ಪರಿಶಿಷ್ಟ ಜಾತಿಯವರಿಗೆ ಮೀಸಲಾಗದ ಪ್ರದೇಶ ಇನ್ನೊಮ್ಮೆ ತಪ್ಪಿಸಿಕೊಳ್ಳಬಹುದು, ಎರಡು ಸಲ ಮೀಸಲಾದ ಪ್ರದೇಶ ಮೂರನೆಯ ಸಲವೂ ಮೀಸಲಾಗಬಹುದು. ಅದಕ್ಕಿಂತ ಹೆಚ್ಚಿನ ನಷ್ಟ ಇನ್ನೊಂದಿದೆ. ಒಂದು ದಲಿತ ಕೇರಿ ಅಥವಾ ಒಂದು ಕೊಳೆಗೇರಿ ನಿಮ್ಮ ಬಡಾವಣೆಯ ಹಾಗೆ ಎರಡು ವಾರ್ಡಿಗೆ ಹಂಚಿಹೋದರೆ, ಎರಡರಲ್ಲಿಯೂ ಅಲ್ಲಿನವರ ಪ್ರಮಾಣ ಇಳಿದು, ಮೀಸಲು ವಾರ್ಡುಗಳನ್ನು ಗುರುತಿಸುವ ಪಟ್ಟಿಯಲ್ಲಿ ಅವರ ಪ್ರದೇಶ ಕೆಳಕ್ಕೆ ಹೋಗುತ್ತದೆ. ನಿಮಗೆ ಹಂಚಿಹೋದದ್ದು ಉದ್ಯಾನ. ಅವರಿಗೆ ಹಂಚಿಹೋಗುವುದು ಪ್ರಾತಿನಿಧ್ಯ. ಆಕ್ಷೇಪಣೆ ಬರೆಯಲು ಕೂರುವ ಸಂಘಗಳು ಪಕ್ಕದ ಕೇರಿಯ ಗೆರೆಯನ್ನೂ ಒಮ್ಮೆ ನೋಡಬೇಕೆಂದು ನಾನು ಕೇಳಿಕೊಳ್ಳುವುದು ಇದಕ್ಕಾಗಿ.

ನಿಮ್ಮ ಆಕ್ಷೇಪಣೆಗೆ ಏಕೆ ಬೆಲೆ ಸಿಗಲಿಲ್ಲ? ಅರ್ಜಿಯನ್ನು ನಾನು ನೋಡಿಲ್ಲ, ಆದರೆ ಇಂಥ ನೂರಾರು ಅರ್ಜಿಗಳನ್ನು ಓದಿದ ಅನುಭವದಿಂದ ಹೇಳುತ್ತೇನೆ. ಬಡಾವಣೆಯನ್ನು ಒಡೆಯಬೇಡಿ ಎಂಬ ಬೇಡಿಕೆ ಎಷ್ಟೇ ಸಹಿಗಳೊಂದಿಗೆ ಬಂದರೂ ಪರಿಶೀಲಿಸುವ ಅಧಿಕಾರಿಗೆ ಅದರಿಂದ ಮಾಡಲು ಕೆಲಸ ಸಿಗುವುದಿಲ್ಲ. ನಿಮ್ಮನ್ನು ಒಂದು ವಾರ್ಡಿಗೆ ಸೇರಿಸಿದರೆ ಆ ವಾರ್ಡು ಮಿತಿ ಮೀರುತ್ತದೆ, ಇನ್ನೊಂದು ಕುಗ್ಗುತ್ತದೆ. ಅದನ್ನು ಸರಿದೂಗಿಸುವ ಹೊಣೆ ಅವರ ಮೇಲೆ ಬೀಳುತ್ತದೆ, ಹದಿನೈದು ದಿನದಲ್ಲಿ ಬಂದ ಸಾವಿರಾರು ಅರ್ಜಿಗಳ ನಡುವೆ ಆ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲ. ಫಲ ಕೊಡುವ ಆಕ್ಷೇಪಣೆಯ ರೂಪ ಬೇರೆ. ನಮ್ಮ ಬದಿಯ ಇಂತಿಂಥ ಗಣತಿ ಬ್ಲಾಕ್‌ಗಳನ್ನು ಆ ವಾರ್ಡಿಗೆ ಸೇರಿಸಿ, ಅದಕ್ಕೆ ಪ್ರತಿಯಾಗಿ ರೈಲು ಹಳಿಯ ಆಚೆಗಿರುವ ಇಷ್ಟು ಬ್ಲಾಕ್‌ಗಳನ್ನು ಈ ವಾರ್ಡಿಗೆ ಕೊಡಿ, ಆಗ ಎರಡೂ ವಾರ್ಡುಗಳ ಜನಸಂಖ್ಯೆ ಸರಾಸರಿಯ ಮಿತಿಯೊಳಗೇ ಉಳಿಯುತ್ತದೆ, ಬದಲಾದ ಚಕ್ಕುಬಂದಿ ಹೀಗಿರುತ್ತದೆ ಎಂದು ಬರೆದುಕೊಟ್ಟರೆ, ಅಧಿಕಾರಿ ಮಾಡಬೇಕಾದದ್ದು ಒಪ್ಪುವುದು ಅಥವಾ ಕಾರಣ ಹೇಳಿ ನಿರಾಕರಿಸುವುದು ಮಾತ್ರ. ಜನಸಾಮಾನ್ಯರಿಂದ ಇಷ್ಟನ್ನು ನಿರೀಕ್ಷಿಸುವುದು ನ್ಯಾಯವೇ ಎಂದು ನೀವು ಕೇಳಬಹುದು. ನ್ಯಾಯವಲ್ಲ. ಕರಡಿನ ಜೊತೆಗೆ ಬ್ಲಾಕ್‌ವಾರು ಜನಸಂಖ್ಯೆಯನ್ನೂ ದೊಡ್ಡ ಅಳತೆಯ ನಕ್ಷೆಯನ್ನೂ ಪ್ರತಿ ವಾರ್ಡ್ ಕಚೇರಿಯಲ್ಲಿ ತೂಗುಹಾಕಿ, ಒಂದು ತಿಂಗಳು ಸಮಯ ಕೊಟ್ಟು, ತಿರಸ್ಕರಿಸಿದ ಪ್ರತಿ ಅರ್ಜಿಗೂ ಒಂದು ಸಾಲಿನ ಕಾರಣವನ್ನಾದರೂ ಪ್ರಕಟಿಸುವುದು ಸರ್ಕಾರದ ಕರ್ತವ್ಯವಾಗಬೇಕು. ಅಲ್ಲಿಯವರೆಗೆ ಆ ಭಾರ ನಿಮ್ಮ ಹೆಗಲ ಮೇಲಿದೆ.

ನ್ಯಾಯಾಲಯದ ದಾರಿಯ ಬಗ್ಗೆ ನಾನು ನಿಮಗೆ ಹೆಚ್ಚು ಭರವಸೆ ಕೊಡಲಾರೆ. ಕ್ಷೇತ್ರ ವಿಂಗಡಣೆಗೆ ಸಂಬಂಧಿಸಿದ ಕಾನೂನಿನ ಸಿಂಧುತ್ವವನ್ನು ಯಾವ ನ್ಯಾಯಾಲಯದಲ್ಲಿಯೂ ಪ್ರಶ್ನಿಸುವಂತಿಲ್ಲ ಎಂದು 243ಜೆಡ್‌ಜಿ ವಿಧಿ ಹೇಳುತ್ತದೆ. ಪ್ರತಿ ಬೀದಿಯ ಗೆರೆಯೂ ವ್ಯಾಜ್ಯವಾದರೆ ಚುನಾವಣೆ ಎಂದಿಗೂ ನಡೆಯದು ಎಂಬುದು ಅದರ ಹಿಂದಿನ ಆಲೋಚನೆ, ಅದರಲ್ಲಿ ಹುರುಳಿದೆ. ಬಾಗಿಲು ಪೂರ್ತಿ ಮುಚ್ಚಿಲ್ಲ. ಕರಡು ಪ್ರಕಟಿಸದೆ, ಆಕ್ಷೇಪಣೆ ಕೇಳದೆ ಗಡಿ ನಿಗದಿಪಡಿಸಿದ್ದರೆ, ಚುನಾವಣೆಯ ಅಧಿಸೂಚನೆ ಹೊರಡುವ ಮೊದಲು ಅದನ್ನು ಪ್ರಶ್ನಿಸಬಹುದು ಎಂಬ ಮಾತು ಉತ್ತರ ಪ್ರದೇಶದ ಪಂಚಾಯಿತಿಗಳ ಕುರಿತ 1995ರ ತೀರ್ಪಿನಲ್ಲಿ ಬಂದಿದೆ. ವಿಂಗಡಣೆಯ ಆದೇಶ ಮೇಲ್ನೋಟಕ್ಕೇ ಸ್ವೇಚ್ಛೆಯಿಂದ ಕೂಡಿದ್ದು ಸಂವಿಧಾನದ ಮೌಲ್ಯಗಳಿಗೆ ವಿರುದ್ಧವಾಗಿದ್ದರೆ ನ್ಯಾಯಾಲಯ ಪರಿಶೀಲಿಸಬಹುದು ಎಂದು 2024ರ ಜುಲೈನಲ್ಲಿಯೂ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಮುಖ್ಯರಸ್ತೆಯನ್ನು ಗಡಿ ಮಾಡಿದ್ದು ಸ್ವೇಚ್ಛೆ ಎಂದು ಸಾಧಿಸುವುದು ಬಹಳ ಕಷ್ಟ. ಅಲ್ಲದೆ ಐದು ವರ್ಷ ಕಾದ ಚುನಾವಣೆಗೆ ನಿಮ್ಮ ಅರ್ಜಿ ಇನ್ನೊಂದು ತಡೆಯಾಗುವ ಅಪಾಯವೂ ಇದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಗೆರೆಯನ್ನು ಸದ್ಯಕ್ಕೆ ಒಪ್ಪಿಕೊಂಡು, ಮತದಾರರ ಪಟ್ಟಿಯ ಮೇಲೆ ಕಣ್ಣಿಡುತ್ತಿದ್ದೆ.

ಕಾರಣ ಹೇಳುತ್ತೇನೆ. ಸ್ಥಳೀಯ ಚುನಾವಣೆಗೆ ಪಟ್ಟಿಯನ್ನು ಹೊಸದಾಗಿ ಬರೆಯುವುದಿಲ್ಲ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ಒಡೆದು ವಾರ್ಡುಗಳಿಗೆ ಹಂಚುತ್ತಾರೆ. ಆ ಪಟ್ಟಿಯ ಭಾಗಗಳು ಮತಗಟ್ಟೆಯ ವ್ಯಾಪ್ತಿಗೆ ತಕ್ಕಂತೆ ಇರುತ್ತವೆ, ವಾರ್ಡಿನ ಗಡಿಗೆ ತಕ್ಕಂತೆ ಅಲ್ಲ. ನಿಮ್ಮ ನಡುರಸ್ತೆಯ ಎರಡೂ ಬದಿಯ ಮನೆಗಳು ಇಲ್ಲಿಯವರೆಗೆ ಒಂದೇ ಭಾಗದಲ್ಲಿದ್ದಿದ್ದರೆ, ಈಗ ಆ ಭಾಗವನ್ನು ಮನೆ ಸಂಖ್ಯೆ ನೋಡಿ ಎರಡಾಗಿ ಒಡೆಯಬೇಕಾಗುತ್ತದೆ. ಮನೆ ಸಂಖ್ಯೆಗಳೇ ಗೊಂದಲವಾಗಿರುವ ಬಡಾವಣೆಗಳಲ್ಲಿ, ಹಳೆಯ ಸಂಖ್ಯೆ ಕೆಲವರಿಗೆ ಹೊಸ ಸಂಖ್ಯೆ ಕೆಲವರಿಗೆ ಇರುವಲ್ಲಿ, ಇದು ತಪ್ಪದೆ ಎಡವುತ್ತದೆ: ಗಂಡನ ಹೆಸರು ಒಂದು ವಾರ್ಡಿನಲ್ಲಿ, ಹೆಂಡತಿಯ ಹೆಸರು ಇನ್ನೊಂದರಲ್ಲಿ, ಮೇಲಿನ ಮಹಡಿಯ ಬಾಡಿಗೆದಾರರು ಎಲ್ಲಿಯೂ ಇಲ್ಲ. ಮತದಾನದ ದಿನ ಗುರುತಿನ ಚೀಟಿ ಹಿಡಿದು ಮತಗಟ್ಟೆಗೆ ಹೋದವರಿಗೆ ಆಗ ಏನೂ ಮಾಡಲಾಗದು. ಆದ್ದರಿಂದ ವಾರ್ಡುವಾರು ಕರಡು ಪಟ್ಟಿ ಬಂದ ಕೂಡಲೇ ನಿಮ್ಮ ಸಂಘದವರು ರಸ್ತೆಗೊಬ್ಬರಂತೆ ಹಂಚಿಕೊಂಡು, ಪಟ್ಟಿಯನ್ನು ಕೈಯಲ್ಲಿ ಹಿಡಿದು ಮನೆಮನೆಗೆ ಹೋಗಿ ನೋಡಬೇಕು. ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮನೆ ಸಂಖ್ಯೆ ಮೂರನ್ನೂ ಬರೆದುಕೊಂಡು ನಿಗದಿತ ದಿನದೊಳಗೆ ತಿದ್ದುಪಡಿಗೆ ಅರ್ಜಿ ಕೊಡಬೇಕು. ಗೆರೆಯನ್ನು ಬದಲಿಸಲು ನಿಮ್ಮಿಂದ ಆಗಲಿಲ್ಲ, ಪಟ್ಟಿಯನ್ನು ಸರಿಪಡಿಸಲು ಖಂಡಿತ ಆಗುತ್ತದೆ.

ಗೆರೆಯ ವಿಷಯ ಇಲ್ಲಿಗೇ ಮುಗಿಯುವುದೂ ಇಲ್ಲ. ಮುಂದಿನ ಜನಗಣತಿಯ ಎಣಿಕೆಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಕೇಂದ್ರ ಸರ್ಕಾರ ಗೊತ್ತುಪಡಿಸಿದೆ. ಅದಕ್ಕಾಗಿ ದೇಶದ ಆಡಳಿತ ಗಡಿಗಳನ್ನು 2025ರ ಡಿಸೆಂಬರ್ 31ರಂದು ಇದ್ದಂತೆ ಸ್ಥಿರಗೊಳಿಸಲಾಗಿದೆ. ನಗರಗಳಲ್ಲಿ ಗಣತಿಯ ಅಂಕಿಗಳು ವಾರ್ಡುವಾರು ಪ್ರಕಟವಾಗುತ್ತವೆ. ಅಂಕಿಗಳು ಬಂದ ಮೇಲೆ ಮುಂದಿನ ಅವಧಿಗೆ ವಾರ್ಡುಗಳನ್ನು ಮತ್ತೆ ಹೊಂದಿಸಲೇಬೇಕಾಗುತ್ತದೆ, ಆ ಸಲದ ಮರುವಿಂಗಡಣೆಗೆ ನಿಜವಾದ ಕಾರಣವೂ ಇರುತ್ತದೆ: ಹದಿನಾರು ವರ್ಷಗಳಲ್ಲಿ ಬೆಳೆದ ವರ್ತೂರು, ಬೆಳ್ಳಂದೂರು, ಹೊರಮಾವುಗಳ ಜನಸಂಖ್ಯೆ ಮೊದಲ ಬಾರಿಗೆ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಬಡಾವಣೆಯನ್ನು ಕೂಡಿಸಿಕೊಳ್ಳಲು ನಿಮಗೆ ಸಿಗುವ ಅವಕಾಶ ಅದು. ಈಗ ಕೊಟ್ಟ ಆಕ್ಷೇಪಣೆಯ ಸ್ವೀಕೃತಿ ಪ್ರತಿ, ಅಂತಿಮ ಅಧಿಸೂಚನೆಯಲ್ಲಿ ನಿಮ್ಮ ಎರಡೂ ವಾರ್ಡುಗಳ ಚಕ್ಕುಬಂದಿ ಇರುವ ಪುಟಗಳು, ಎರಡು ಬದಿಯ ಮನೆಗಳ ಎಣಿಕೆ ಇವನ್ನು ಒಂದು ಕಡತದಲ್ಲಿ ಹಾಕಿ ಸಂಘದ ಕಚೇರಿಯಲ್ಲಿ ಇಟ್ಟುಕೊಳ್ಳಿ. ಕರಡು ಬಂದ ಮೇಲೆ ಸಿಗುವ ಹದಿನೈದು ದಿನಗಳು ಇವನ್ನೆಲ್ಲ ಹುಡುಕುವುದರಲ್ಲಿಯೇ ಕಳೆದುಹೋಗುವುದನ್ನು ನಾನು ಹಲವು ಊರುಗಳಲ್ಲಿ ಕಂಡಿದ್ದೇನೆ.